ಓದಿ ಬಂದವರಿಗೆ ಜಾಗವೆಲ್ಲಿ?

ಮನೆಯ ಮಗನೋ ಮಗಳೋ ಓದಲು ಹೊರದೇಶಕ್ಕೆ ಹೋಗುವುದೆಂದರೆ ತೆಂಗಿನ ಸೀಮೆಯಲ್ಲಿ ತಿಂಗಳುಗಟ್ಟಲೆ ಅದೇ ಮಾತು. ಯಾವ ದೇಶ, ಯಾವ ಕೋರ್ಸು, ಬ್ಯಾಂಕಿನವರು ಎಷ್ಟು ಕೊಡುತ್ತಾರೆ, ಮಿಕ್ಕಿದ್ದಕ್ಕೆ ಯಾರನ್ನು ಕೇಳುವುದು, ಜಾಮೀನಿಗೆ ಯಾರು ನಿಲ್ಲುತ್ತಾರೆ ಎಂದು ನಮ್ಮ ಹೋಬಳಿ ಕೇಂದ್ರ ದಂಡಿನಶಿವರದಿಂದ ತಿಪಟೂರಿನವರೆಗಿನ ನೆಂಟರಿಷ್ಟರೆಲ್ಲ ಸೇರಿ ಲೆಕ್ಕ ಹಾಕುತ್ತಾರೆ. ಆ ಓದು ಮುಗಿದ ಮೇಲೆ ಏನು ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಎತ್ತುವುದಿಲ್ಲ. ಅದು ಹೋದವರಿಗೆ ಬಿಟ್ಟ ವಿಷಯ ಎಂದುಕೊಳ್ಳುತ್ತೇವೆ. ಮುಂದೆ ಅವರು ಅಲ್ಲೇ ಉಳಿದರೆ ಊರು ಮರೆತರು ಅನ್ನುತ್ತೇವೆ. ಹಿಂತಿರುಗಿ ಬಂದರೆ ಅಲ್ಲೇನೂ ಗಿಟ್ಟಲಿಲ್ಲವೇನೋ ಎಂದು ಅನುಮಾನದಿಂದ ನೋಡುತ್ತೇವೆ. ಎರಡರಲ್ಲೂ ತಪ್ಪು ಹೊರುವವರು ಓದಿದವರೇ. ಊರಿನ ಪಾಲೇನು ಎಂದು ಕೇಳುವವರಿಲ್ಲ. ವಿದೇಶದ ಓದು ಸಾರ್ಥಕವಾಗುವುದೋ ಇಲ್ಲವೋ ಎಂಬುದು ಓದಿದವರ ಮನಸ್ಸಿಗಿಂತ ಹೆಚ್ಚಾಗಿ, ಅವರನ್ನು ಬರಮಾಡಿಕೊಳ್ಳುವ ಜಾಗ ಎಷ್ಟು ಸಿದ್ಧವಾಗಿದೆ ಎಂಬುದರ ಮೇಲೆ ನಿಂತಿದೆ ಎಂದು ನಾನು ನಂಬಿದ್ದೇನೆ. ಆ ಸಿದ್ಧತೆ ಮಾಡದೆ ನಿಷ್ಠೆಯ ಮಾತಾಡುವ ಹಕ್ಕು ನಮಗಿಲ್ಲ.

ಮೊದಲು ಓದಿನ ಕೊನೆಯ ತಿಂಗಳುಗಳನ್ನೇ ನೋಡೋಣ. ಪ್ರಬಂಧ ಒಪ್ಪಿಸಿ, ಫಲಿತಾಂಶ ಕಾಯುತ್ತಾ ಕೂತ ವಿದ್ಯಾರ್ಥಿಯ ಮುಂದೆ ಇರುವುದು ದೇಶಪ್ರೇಮದ ಪ್ರಶ್ನೆಯಲ್ಲ, ಕ್ಯಾಲೆಂಡರು. ಓದು ಮುಗಿಸಿದವರು ಕೆಲಸ ಹುಡುಕಿಕೊಳ್ಳಲು ಬ್ರಿಟನ್ 2021ರಿಂದ ಎರಡು ವರ್ಷ ಅವಕಾಶ ಕೊಟ್ಟಿತು, 2025ರಲ್ಲಿ ಅದನ್ನು ಹದಿನೆಂಟು ತಿಂಗಳಿಗೆ ಇಳಿಸುವ ತೀರ್ಮಾನ ಮಾಡಿತು. ಜರ್ಮನಿಯಲ್ಲಿ ಹದಿನೆಂಟು ತಿಂಗಳು. ಅಮೆರಿಕದಲ್ಲಿ ಒಂದು ವರ್ಷ, ವಿಜ್ಞಾನ ತಂತ್ರಜ್ಞಾನ ಓದಿದವರಿಗೆ ಅದರ ಮೇಲೆ ಎರಡು ವರ್ಷ. ಈ ಗಡುವಿನ ಜೊತೆಗೇ ಸಾಲದ ಕಂತು ಶುರುವಾಗುತ್ತದೆ. 40 ಲಕ್ಷ ರೂಪಾಯಿಯನ್ನು ನೂರಕ್ಕೆ 10ರ ಬಡ್ಡಿಯಲ್ಲಿ ಹತ್ತು ವರ್ಷದೊಳಗೆ ತೀರಿಸುವುದಾದರೆ ತಿಂಗಳಿಗೆ ಹತ್ತಿರ ಹತ್ತಿರ 53 ಸಾವಿರ ಕಟ್ಟಬೇಕು. ನಮ್ಮ ಕಡೆಯ ಲೆಕ್ಕದಲ್ಲಿ ಹೇಳುವುದಾದರೆ, ಉಂಡೆ ಕೊಬ್ಬರಿಗೆ 2025ರಲ್ಲಿ ಕೇಂದ್ರ ನಿಗದಿ ಮಾಡಿದ ಕ್ವಿಂಟಲಿಗೆ 12,100 ರೂಪಾಯಿ ಬೆಂಬಲ ಬೆಲೆಯಲ್ಲಿ ತಿಂಗಳು ತಿಂಗಳೂ ಹತ್ತಿರ ಹತ್ತಿರ ನಾಲ್ಕೂವರೆ ಕ್ವಿಂಟಲ್ ಕೊಬ್ಬರಿ. 2023ರಂತೆ ತಿಪಟೂರು ಮಾರುಕಟ್ಟೆಯಲ್ಲಿ ಧಾರಣೆ ಎಂಟು ಸಾವಿರದ ಆಸುಪಾಸಿಗೆ ಕುಸಿದರೆ ಆರೂವರೆ ಕ್ವಿಂಟಲ್ ದಾಟುತ್ತದೆ. ಇನ್ನು ಸ್ನಾತಕೋತ್ತರ ಪದವಿ ಹಿಡಿದು ಬಂದವರಿಗೆ ತಾಲ್ಲೂಕಿನಲ್ಲಿ ಕೂಡಲೇ ಸಿಗಬಹುದಾದ ಕೆಲಸ ಯಾವುದು? ಸರ್ಕಾರಿ ಪದವಿ ಕಾಲೇಜಿನ ಅತಿಥಿ ಉಪನ್ಯಾಸಕರಿಗೆ 2022ರ ಆರಂಭದಲ್ಲಿ ಗೌರವಧನ ಏರಿಸಿದಾಗ ಗರಿಷ್ಠ ಮೊತ್ತ 32 ಸಾವಿರ. ಆಮೇಲೆ ಒಂದಿಷ್ಟು ಹೆಚ್ಚಾದರೂ ಕಂತಿನ ಹತ್ತಿರಕ್ಕೂ ಬರಲಿಲ್ಲ. ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದವರು ಯಾರೂ ವಾಪಸು ಬಾರದ ಹುಡುಗನನ್ನು ಕೃತಘ್ನ ಎಂದು ಕರೆಯಲಾರರು.

ಹಿಂತಿರುಗಿ ಬಂದು ಕೆಲಸ ಮಾಡಿದವರ ಚರಿತ್ರೆ ನಮ್ಮಲ್ಲಿ ದೊಡ್ಡದೇ ಇದೆ. ಅದನ್ನು ತ್ಯಾಗದ ಕಥೆಯಾಗಿ ಹೇಳುವುದು ರೂಢಿ. ಹತ್ತಿರದಿಂದ ನೋಡಿದರೆ ಬೇರೆಯೇ ಒಂದು ಅಂಶ ಕಾಣುತ್ತದೆ. ಕರ್ನಾಟಕದ ತೋಟಗಾರಿಕೆಯ ಪಿತಾಮಹ ಎನಿಸಿಕೊಂಡ ಡಾ. ಎಂ.ಎಚ್. ಮರೀಗೌಡರನ್ನು ತೆಗೆದುಕೊಳ್ಳಿ. ಬನ್ನೂರು ಸೀಮೆಯ ಹಳ್ಳಿಯಲ್ಲಿ 1916ರಲ್ಲಿ ಹುಟ್ಟಿದವರು. ಇಂಗ್ಲೆಂಡಿನ ಕ್ಯೂ ಸಸ್ಯೋದ್ಯಾನದಲ್ಲಿ ತರಬೇತಿ, ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟು ಮುಗಿಸಿ ಬಂದರು. ಅವರು ಬಂದು ನಿಂತದ್ದು ಬರಿಯ ನೆಲದ ಮೇಲಲ್ಲ, ಲಾಲ್‌ಬಾಗಿನಲ್ಲಿ. ಕ್ಯೂನಲ್ಲೇ ಪಳಗಿದ್ದ ಜರ್ಮನ್ ತೋಟಗಾರ ಕ್ರುಂಬಿಗೆಲ್, ಆತನ ನಂತರ ಕ್ಯೂನಲ್ಲಿ ತರಬೇತಿ ಪಡೆದು ಬಂದ ಎಚ್.ಸಿ. ಜವರಾಯ, ಹೀಗೆ ಎರಡು ತಲೆಮಾರು ಕಟ್ಟಿದ ಸಂಸ್ಥೆ ಅದು. ಸಸಿಮಡಿ ಇತ್ತು, ಮಾಲಿಗಳಿದ್ದರು, ಸರ್ಕಾರದಲ್ಲಿ ಮಾತು ನಡೆಯುತ್ತಿತ್ತು. ಹಾರ್ವರ್ಡಿನಲ್ಲಿ ಕಲಿತದ್ದನ್ನು ಎಲ್ಲಿ ಇಳಿಸಬೇಕು ಎಂದು ಮರೀಗೌಡರು ಹುಡುಕಬೇಕಾಗಿ ಬರಲಿಲ್ಲ. ಆದ್ದರಿಂದಲೇ ಅವರ ಕಾಲದಲ್ಲಿ 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘ ಹುಟ್ಟಿ ಮುಂದೆ ಹಾಪ್‌ಕಾಮ್ಸ್ ಆಯಿತು; 1963ರಲ್ಲಿ ತೋಟಗಾರಿಕೆಗೆ ಪ್ರತ್ಯೇಕ ಇಲಾಖೆಯೇ ಬಂತು; ಜಿಲ್ಲೆ ಜಿಲ್ಲೆಗಳಲ್ಲಿ ತೋಟಗಾರಿಕೆ ಕ್ಷೇತ್ರಗಳು ಎದ್ದವು. ಪ್ರತಿಭೆ ಅವರದು, ನಿಜ. ಆ ಪ್ರತಿಭೆಗೆ ಹಿಡಿಕೆ ಒದಗಿಸಿದ್ದು ಮಾತ್ರ ಅವರು ಹೋಗುವ ಮೊದಲೇ ಇದ್ದ ಸಂಸ್ಥೆ.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಡಾ. ಎಚ್. ನರಸಿಂಹಯ್ಯನವರದೂ ಇದೇ ಬಗೆ. 1957ರಲ್ಲಿ ಒಹಾಯೊ ರಾಜ್ಯ ವಿಶ್ವವಿದ್ಯಾಲಯಕ್ಕೆ ಹೋಗಿ ಪರಮಾಣು ಭೌತಶಾಸ್ತ್ರದಲ್ಲಿ ಡಾಕ್ಟರೇಟು ಪಡೆದು 1960ರಲ್ಲಿ ಮರಳಿದರು. ಅದಕ್ಕೂ ಹತ್ತಾರು ವರ್ಷ ಮೊದಲೇ ಅವರು ಬೆಂಗಳೂರಿನ ನ್ಯಾಷನಲ್ ಕಾಲೇಜಿನ ಅಧ್ಯಾಪಕರು. ಬಂದ ಮರುವರ್ಷವೇ ಪ್ರಾಂಶುಪಾಲರು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಶುರು. ಹುಟ್ಟೂರಿನ ಕಡೆಗೆ, ಗೌರಿಬಿದನೂರು ಬಾಗೇಪಲ್ಲಿಗಳಿಗೆ ಶಾಲೆ ಕಾಲೇಜು ಹೋದದ್ದು ನ್ಯಾಷನಲ್ ಕಾಲೇಜಿನ ಸಂಸ್ಥೆಯ ಬಲದಿಂದ. ಎಂಜಿನಿಯರಿಂಗಿನಲ್ಲಿ ಹೆಣ್ಣುಮಕ್ಕಳ ಹೆಸರೇ ಕೇಳಿಬರದ ಕಾಲದಲ್ಲಿ ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಮಿಷಿಗನ್‌ಗೆ ಹೋದ ರಾಜೇಶ್ವರಿ ಚಟರ್ಜಿಯವರು 1953ರಲ್ಲಿ ಡಾಕ್ಟರೇಟು ಪಡೆದು ಬಂದು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಧ್ಯಾಪಕಿಯಾದರು, ಮೈಕ್ರೋವೇವ್ ಸಂಶೋಧನೆಗೆ ಅಲ್ಲಿ ಬುನಾದಿ ಹಾಕಿದರು. ಮೈಸೂರಿನ ಎಂ.ಎನ್. ಶ್ರೀನಿವಾಸ್ ಆಕ್ಸ್‌ಫರ್ಡಿನ ಅಧ್ಯಾಪಕ ಹುದ್ದೆಯನ್ನೇ ಬಿಟ್ಟು 1951ರಲ್ಲಿ ಬಂದದ್ದು ಬರೋಡದಲ್ಲಿ ಸಮಾಜಶಾಸ್ತ್ರದ ಪ್ರಾಧ್ಯಾಪಕ ಪೀಠ ಕಾದಿದ್ದರಿಂದ. ಇವರ ಹಿರಿಮೆಯನ್ನು ಇದು ಕಿಂಚಿತ್ತೂ ಕಡಿಮೆ ಮಾಡುವುದಿಲ್ಲ. ಇವರಷ್ಟೇ ಸಮರ್ಥರಾಗಿದ್ದು, ಬಂದಿಳಿದಾಗ ಇಂಥದೊಂದು ಬಾಗಿಲು ಕಾಣದೆ ಹೋದವರ ಹೆಸರು ನಮಗೆ ತಿಳಿದಿಲ್ಲ, ಅಷ್ಟೇ.

ಬಾಗಿಲು ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಚೀನಾದ ಒಂದು ನಿದರ್ಶನವಿದೆ. ಅಲ್ಲಿನ ಸರ್ಕಾರ 1872ರಿಂದ 120 ಹುಡುಗರನ್ನು ಅಮೆರಿಕಕ್ಕೆ ಓದಲು ಕಳಿಸಿ, 1881ರಲ್ಲಿ ಅರ್ಧಕ್ಕೇ ಎಲ್ಲರನ್ನೂ ವಾಪಸು ಕರೆಸಿಕೊಂಡಿತು. ಪದವಿ ಪೂರೈಸಿದ್ದ ಕೆಲವೇ ಕೆಲವರಲ್ಲಿ ಝಾನ್ ಟಿಯನ್ಯೂ ಒಬ್ಬ. ಯೇಲ್ ವಿಶ್ವವಿದ್ಯಾಲಯದಲ್ಲಿ ಸಿವಿಲ್ ಎಂಜಿನಿಯರಿಂಗ್ ಓದಿದ್ದ. ರೈಲುಮಾರ್ಗ ಕಟ್ಟಲು ಕಲಿತವನನ್ನು ಹಡಗು ನಡೆಸುವ ಶಾಲೆಗೆ ಹಾಕಿದರು, ಆಮೇಲೆ ಇಂಗ್ಲಿಷ್ ಪಾಠ ಹೇಳಲು ಕೂರಿಸಿದರು. ಏಳು ವರ್ಷ ಹೀಗೇ ಕಳೆಯಿತು. 1888ರಲ್ಲಿ ರೈಲ್ವೆ ಕಂಪನಿಗೆ ಸೇರಿಕೊಂಡ ಆತನೇ ಮುಂದೆ 1905ರಿಂದ 1909ರೊಳಗೆ ಬೀಜಿಂಗಿನಿಂದ ಝಾಂಗ್‌ಜಿಯಾಕೋಗೆ ಬೆಟ್ಟಗಳ ನಡುವೆ ಮಾರ್ಗ ಹಾಕಿದ. ವಿದ್ಯೆ ಬದಲಾಗಲಿಲ್ಲ, ಮನುಷ್ಯ ಬದಲಾಗಲಿಲ್ಲ, ಕೂರಿಸಿದ ಜಾಗ ಬದಲಾಯಿತು. ನಮ್ಮ ದೇಶದ್ದೇ ಇನ್ನೂ ಕಹಿಯಾದ ಉದಾಹರಣೆ ಅಂಬೇಡ್ಕರ್ ಅವರದು. ಬರೋಡ ಸಂಸ್ಥಾನದ ವಿದ್ಯಾರ್ಥಿವೇತನದ ಮೇಲೆ 1913ರಲ್ಲಿ ಕೊಲಂಬಿಯಾಕ್ಕೆ ಹೋದವರು ಹತ್ತು ವರ್ಷ ಸೇವೆ ಸಲ್ಲಿಸುವ ಕರಾರಿಗೆ ಬದ್ಧರಾಗಿ 1917ರಲ್ಲಿ ಬರೋಡಕ್ಕೆ ಬಂದರು. ಹುದ್ದೆ ಇತ್ತು. ತಲೆಯ ಮೇಲೆ ಸೂರು ಕೊಡುವವರಿರಲಿಲ್ಲ. ಪಾರ್ಸಿ ಛತ್ರದಲ್ಲಿ ಜಾತಿ ಮರೆಸಿ ಉಳಿದುಕೊಂಡಿದ್ದವರನ್ನು ಹನ್ನೊಂದನೆಯ ದಿನ ದೊಣ್ಣೆ ಹಿಡಿದ ಗುಂಪು ಬಂದು ಹೊರಗೆ ಹಾಕಿತು. ಹುದ್ದೆಯೊಂದಿದ್ದರೆ ಸಾಕು ಎನ್ನುವವರು ಇದನ್ನು ನೆನಪಿಡಬೇಕು. ಪರಿಶಿಷ್ಟರ ಮಕ್ಕಳಿಗೆ ಕೇಂದ್ರದ ವಿದೇಶಿ ವಿದ್ಯಾರ್ಥಿವೇತನ 1954–55ರಿಂದ ಇದೆ, ಈಚೆಗೆ ರಾಜ್ಯದ ‘ಪ್ರಬುದ್ಧ’ ಯೋಜನೆಯೂ ಇದೆ. ಆ ವೇತನದ ಮೇಲೆ ಓದಿ ಬಂದ ಹುಡುಗಿಗೆ ತಾಲ್ಲೂಕು ಕೇಂದ್ರದಲ್ಲಿ ಬಾಡಿಗೆ ಮನೆ ಕೇಳಲು ಹೋದಾಗ ‘ನೀವು ಯಾವ ಜನ?’ ಎಂಬ ಪ್ರಶ್ನೆಯೇ ಮೊದಲು ಎದುರಾಗುವುದಾದರೆ, ಅವಳು ಮತ್ತೆ ವಿಮಾನ ಹತ್ತಿದ್ದಕ್ಕೆ ಹೊಣೆ ಯಾರು?

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಸಾರ್ವಜನಿಕರ ದುಡ್ಡಿನಲ್ಲಿ ಓದಿದವರಿಂದ ಬಾಂಡ್ ಬರೆಸಿಕೊಂಡು ಕಟ್ಟಿಹಾಕಿದರಾಯಿತು, ಜಾಗ ಗೀಗ ಎಂದು ಯಾಕೆ ಇಷ್ಟು ಲಾಲಿಸಬೇಕು ಎಂದು. ಬಾಂಡಿನ ಪರವಾಗಿ ಎಲ್ಲರೂ ಕೊಡುವ ಅತ್ಯುತ್ತಮ ಉದಾಹರಣೆ ವರ್ಗೀಸ್ ಕುರಿಯನ್. ಬೆಂಗಳೂರಿನ ಹೈನು ಸಂಶೋಧನಾ ಸಂಸ್ಥೆಯಲ್ಲಿ ಕೆಲ ತಿಂಗಳಿದ್ದು, ಸರ್ಕಾರದ ವೇತನದ ಮೇಲೆ ಮಿಷಿಗನ್ ರಾಜ್ಯ ವಿಶ್ವವಿದ್ಯಾಲಯಕ್ಕೆ ಹೋಗಿ, ಬಾಂಡಿನ ಕಾರಣಕ್ಕೇ 1949ರ ಮೇ ತಿಂಗಳಲ್ಲಿ ಗುಜರಾತಿನ ಆನಂದಕ್ಕೆ ಬಂದವರು. ಆದರೆ ಆ ಕಥೆಯ ಉಳಿದರ್ಧವನ್ನೂ ಓದಬೇಕು. ಸರ್ಕಾರಿ ಕ್ರೀಮರಿಯಲ್ಲಿ ಅವರಿಗೆ ಮಾಡಲು ಕೆಲಸವೇ ಇರಲಿಲ್ಲ. ಬಿಡುಗಡೆ ಮಾಡಿ ಎಂದು ಬರೆಯುತ್ತಲೇ ಇದ್ದರು. ಬಿಡುಗಡೆ ಸಿಕ್ಕಾಗ ಗಂಟುಮೂಟೆ ಕಟ್ಟಿದರು. ಆಗ ಅವರನ್ನು ನಿಲ್ಲಿಸಿಕೊಂಡವರು ಹಾಲು ಉತ್ಪಾದಕರ ಸಹಕಾರ ಸಂಘದ ತ್ರಿಭುವನದಾಸ್ ಪಟೇಲರು. ಕೆಟ್ಟುನಿಂತ ಯಂತ್ರಗಳಿದ್ದವು, ಹಾಲು ಹಾಕುವ ರೈತರಿದ್ದರು, ನಂಬಿ ಕೆಲಸ ಒಪ್ಪಿಸುವ ಮುಖಂಡರಿದ್ದರು. ಮಿಷಿಗನ್‌ನಲ್ಲಿ ತಾನು ಮನಸ್ಸಿಟ್ಟು ಓದಿದ್ದು ಹೈನುಗಾರಿಕೆಯನ್ನಲ್ಲ, ಲೋಹಶಾಸ್ತ್ರವನ್ನು ಎಂದು ಕುರಿಯನ್ನರೇ ಹೇಳಿಕೊಂಡಿದ್ದಾರೆ. ಬಾಂಡು ಅವರನ್ನು ಕೆಲವು ತಿಂಗಳು ಹಿಡಿದಿಟ್ಟಿತು, ಸಹಕಾರ ಸಂಘ ಜೀವಮಾನವಿಡೀ ಹಿಡಿದಿಟ್ಟಿತು. ಅದೇ ಆನಂದದ ಮಾದರಿ 1970ರ ದಶಕದಲ್ಲಿ ಕರ್ನಾಟಕಕ್ಕೆ ಬಂತು. ಇವತ್ತು ತುರುವೇಕೆರೆ ತಾಲ್ಲೂಕಿನ ಹಳ್ಳಿಯ ಡೈರಿಯಲ್ಲಿ ಹೆಣ್ಣುಮಗಳೊಬ್ಬಳು ಬೆಳಗ್ಗೆ ಹಾಲು ಹಾಕಿ, ಫ್ಯಾಟ್ ಎಷ್ಟು ಬಂತು ಎಂದು ಕೇಳಿ ಚೀಟಿ ಇಸಿದುಕೊಳ್ಳುತ್ತಾಳಲ್ಲ, ಅದರ ಬೇರು ಹುಡುಕುತ್ತ ಹೋದರೆ ಹೊರದೇಶದಲ್ಲಿ ಓದಿ ಬಂದ ಒಬ್ಬನನ್ನು ಒಂದು ಸಣ್ಣ ಊರಿನ ಸಂಘ ಬಿಡದೆ ನಿಲ್ಲಿಸಿಕೊಂಡ ಘಟನೆ ಸಿಗುತ್ತದೆ.

ಹಾಲಿಗೆ ಆದದ್ದು ಕೊಬ್ಬರಿಗೆ ಆಗಲಿಲ್ಲ. ಕಾಯಿಯನ್ನು ಅಟ್ಟಕ್ಕೆ ಹಾಕಿ ಹತ್ತು ತಿಂಗಳು, ವರ್ಷ ಕಾದು, ಒಳಗಿನ ನೀರು ಇಂಗಿ ಗಿಟುಕು ಚಿಪ್ಪಿನಿಂದ ಬಿಟ್ಟು ಅಲುಗಾಡುವ ಹೊತ್ತಿಗೆ ಧಾರಣೆ ಎಲ್ಲಿರುತ್ತದೋ ಯಾರಿಗೂ ಗೊತ್ತಿರುವುದಿಲ್ಲ. 2023ರಲ್ಲಿ ಎಂಟು ಸಾವಿರಕ್ಕೆ ಬಿದ್ದದ್ದು 2025ರಲ್ಲಿ ಇಪ್ಪತ್ತು ಸಾವಿರ ದಾಟಿತು. ಅದಕ್ಕಿಂತ ದೊಡ್ಡ ಸಂಕಟ ಮರಗಳದ್ದು. ಅಣಬೆ ರೋಗ ತಗುಲಿದ ಮರದ ಕೆಳಗರಿಗಳು ಮೊದಲು ಬಣ್ಣಗೆಟ್ಟು ಕಾಂಡಕ್ಕೆ ಜೋತುಬೀಳುತ್ತವೆ. ಬುಡದ ಹತ್ತಿರ ಸಣ್ಣ ಬಿರುಕಿನಿಂದ ಕೆಂಗಂದು ರಸ ಇಳಿದು ಅಲ್ಲೇ ಒಣಗಿ ಕಪ್ಪಾಗುತ್ತದೆ. ಸುಳಿ ಸಣ್ಣಗಾಗುತ್ತ, ಹೊಂಬಾಳೆ ಕಡಿಮೆಯಾಗುತ್ತ, ಮರ ಒಂದೆರಡು ವರ್ಷ ಎಳೆದಾಡುತ್ತದೆ. ಬುಡದಲ್ಲಿ ಅಣಬೆ ಎದ್ದು ಕಾಣುವಷ್ಟರಲ್ಲಿ ಒಳಗೆ ಬೇರು ಕೊಳೆತುಹೋಗಿರುತ್ತದೆ. ಸುತ್ತ ಕಂದಕ ತೋಡಿ ಪಕ್ಕದ ಮರ ಉಳಿಸಿಕೊಳ್ಳಿ, ಬೇವಿನ ಹಿಂಡಿಯ ಜೊತೆ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರ ಹಾಕಿ, ಬೇರಿನ ಮೂಲಕ ಔಷಧ ಕೊಡಿ ಎಂಬ ಸಲಹೆಗಳಿವೆ. ಮುಂದುವರಿದ ರೋಗ ವಾಸಿ ಮಾಡುವ ಮದ್ದಿಲ್ಲ. ಈ ರೋಗ ತರುವ ಗ್ಯಾನೋಡರ್ಮಾ ಜಾತಿಯ ಅಣಬೆಯೇ ಮಲೇಷ್ಯಾ, ಇಂಡೋನೇಷ್ಯಾಗಳ ಎಣ್ಣೆತಾಳೆ ತೋಟಗಳನ್ನೂ ತಿನ್ನುತ್ತಿದೆ. ಅದರ ಹಿಂದೆ ಬಿದ್ದ ಪ್ರಯೋಗಾಲಯಗಳು ಮಲೇಷ್ಯಾದಲ್ಲಿವೆ. ತೆಂಗಿಗೆಂದೇ ಶ್ರೀಲಂಕಾದ ಲುನುವಿಲದಲ್ಲಿ 1929ರಿಂದ ಸಂಶೋಧನಾ ಸಂಸ್ಥೆಯಿದೆ. ಆದರೂ ನಮ್ಮ ಸೀಮೆಯಲ್ಲಿ ವಿದೇಶವೆಂದರೆ ಇಂಗ್ಲೆಂಡು, ಐರ್ಲೆಂಡು, ಅಮೆರಿಕ. ತೋಟ ಅಡವಿಟ್ಟು ಅದೇ ತೋಟಕ್ಕೆ ಸಂಬಂಧವೇ ಇಲ್ಲದ ಓದಿಗೆ ಮಕ್ಕಳನ್ನು ಕಳಿಸುತ್ತೇವೆ. ಅದು ಮಕ್ಕಳ ತಪ್ಪಲ್ಲ. ತೆಂಗನ್ನು ಓದಿ ಬಂದವರಿಗೆ ಸಂಬಳ ಕೊಡುವವರು ಯಾರೂ ಇಲ್ಲದಿರುವಾಗ ತೆಂಗನ್ನು ಯಾರು ಓದುತ್ತಾರೆ?

ಹೊರಗಿದ್ದೇ ಹೆಚ್ಚು ಉಪಕಾರ ಮಾಡಬಹುದಲ್ಲ, ಹಣ ಕಳಿಸುತ್ತಾರಲ್ಲ ಎಂಬುದು ಇನ್ನೊಂದು ಆಕ್ಷೇಪ. ಅದನ್ನು ತಳ್ಳಿಹಾಕಲಾಗದು. ಹೊರಗಿನ ದುಡಿಮೆಯಿಂದ ಅಡವು ಬಿಡಿಸಿಕೊಂಡ ಜಮೀನು, ಕೊರೆಸಿದ ಬೋರ್‌ವೆಲ್ಲು, ತಂಗಿಯ ಓದು, ಇವು ಸಣ್ಣ ಸಂಗತಿಗಳಲ್ಲ. ಎ.ಕೆ. ರಾಮಾನುಜನ್ ಶಿಕಾಗೋದಲ್ಲೇ ಉಳಿದರೂ ವಚನಗಳನ್ನು ಜಗತ್ತಿಗೆ ಮುಟ್ಟಿಸಿದರು. ಅಲ್ಲಿರುವುದೇ ಆ ಕೆಲಸಕ್ಕೆ ಬೇಕಾಗಿತ್ತು. ಎಲ್ಲರೂ ಬರಲೇಬೇಕೆಂಬುದು ನನ್ನ ಮಾತಲ್ಲ. ಆದರೆ ಕಳಿಸಿದ ಹಣ ಒಂದು ಮನೆಗೆ ಸೇರುತ್ತದೆ. ರೋಗ ಬಿದ್ದ ತೋಟಕ್ಕೆ ಕಂದಕ ತೋಡಿಸುವ ಕೂಲಿ ಅದರಿಂದ ಹುಟ್ಟಬಹುದು, ಆ ಕಂದಕ ಎಷ್ಟು ಆಳ ಇದ್ದರೆ ಈ ಮಣ್ಣಿನಲ್ಲಿ ಸೋಂಕು ದಾಟುವುದಿಲ್ಲ ಎಂಬ ತಿಳಿವಳಿಕೆ ಹುಟ್ಟುವುದಿಲ್ಲ. ತೋಟದ ಬದುವಿನ ಮೇಲೆ ನಾಲ್ಕಾರು ಮಳೆಗಾಲ ಓಡಾಡಿ ಕಲಿಯಬೇಕಾದದ್ದು ಅದು.

ಹೊರಗಿನಿಂದ ಓದಿ ಬಂದವರು ನಮ್ಮ ರೈತರಿಗೆ ಏನು ಹೇಳಿಕೊಟ್ಟಾರು ಎಂಬ ಮಾತನ್ನೂ ಕೇಳಿದ್ದೇವೆ. ಅದರ ಹಿಂದೆ ನೋವಿನ ಅನುಭವವಿದೆ. 1990ರ ದಶಕದ ಕೊನೆಗೆ ನುಸಿ ಪೀಡೆ ಕಾಯಿಗಳನ್ನು ಕಂದುಗಟ್ಟಿಸಿ ಚಿಕ್ಕದಾಗಿಸಿದಾಗ, ಬೇರಿಗೆ ವಿಷದ ಪೊಟ್ಟಣ ಕಟ್ಟಿ ಎಂಬ ಸಲಹೆ ಬಂತು. ದುಡ್ಡು ಹೋಯಿತು, ನುಸಿ ಉಳಿಯಿತು. ಅದೇ ಹೊತ್ತಿಗೆ ಕಪ್ಪು ತಲೆ ಹುಳುವಿನ ಮೇಲೆ ಗೋನಿಯೋಜಸ್ ಎಂಬ ಪರತಂತ್ರ ಜೀವಿಯನ್ನು ಬಿಟ್ಟು ಹತೋಟಿಗೆ ತಂದ ಕ್ರಮ ವಿಜ್ಞಾನದಿಂದಲೇ ಬಂದದ್ದು, ವಿಷವಿಲ್ಲದೆ ಕೆಲಸ ಮಾಡಿದ್ದು. ವ್ಯತ್ಯಾಸ ಎಲ್ಲಿದೆ ಎಂದರೆ, ಒಂದು ದೂರದಲ್ಲಿ ಕೂತು ಕೊಟ್ಟ ಸಲಹೆ, ಇನ್ನೊಂದು ಹುಳು ಸಾಕಿ, ತೋಟಕ್ಕೆ ಬಂದು ಬಿಟ್ಟು, ಮತ್ತೆ ಬಂದು ನೋಡುವ ಕೆಲಸ. ಓದಿದವರು ಇಲ್ಲಿ ಬಂದು ನೆಲೆಸಬೇಕೆನ್ನುವುದು ಇದಕ್ಕಾಗಿಯೇ. ರೈತನ ಅನುಭವ ಅವರನ್ನು ತಿದ್ದುವಷ್ಟು ಹತ್ತಿರದಲ್ಲಿ ಅವರಿರಬೇಕು.

ದಂಡಿನಶಿವರದಂಥ ಹೋಬಳಿ ಕೇಂದ್ರ ಎಷ್ಟು ಜನರಿಗೆ ಕೆಲಸ ಕೊಟ್ಟೀತು ಎಂದು ಕೇಳುವುದು ಸಹಜ. ಎಲ್ಲರಿಗೂ ಕೊಡಲಾರದು, ಕೊಡಬೇಕಾಗಿಯೂ ಇಲ್ಲ. ಆದರೆ ಆಧಾರಗಳು ಇಲ್ಲವೆನ್ನುವಂತಿಲ್ಲ. ತಿಪಟೂರಿನ ಪಕ್ಕ ಕೊನೇಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ, ಅರಸೀಕೆರೆಯಲ್ಲಿ ತೆಂಗಿನ ಸಂಶೋಧನೆ ನಡೆಯುತ್ತದೆ, ಕಾಸರಗೋಡಿನ ಕೇಂದ್ರ 1916ರಷ್ಟು ಹಳೆಯದು. ದಕ್ಷಿಣ ಕನ್ನಡದ ಕಿದುವಿನಲ್ಲಿ ದಕ್ಷಿಣ ಏಷ್ಯಾಕ್ಕೆಂದೇ ಅಂತರರಾಷ್ಟ್ರೀಯ ತೆಂಗಿನ ತಳಿ ಸಂಗ್ರಹವಿದೆ. ಬೇರೆ ಬೇರೆ ದೇಶಗಳ ತೆಂಗು ನಮ್ಮ ರಾಜ್ಯದ ಮಣ್ಣಿನಲ್ಲೇ ಬೆಳೆದು ನಿಂತಿದೆ. ಇಲ್ಲದಿರುವುದು ಕಳಿಸುವ ಕೈಗೂ ಬರಮಾಡಿಕೊಳ್ಳುವ ಕೈಗೂ ನಡುವೆ ಇರಬೇಕಾದ ಒಡಂಬಡಿಕೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಕೊಬ್ಬರಿಯ ಮೇಲೆ ಮಾರುಕಟ್ಟೆ ಸಮಿತಿಗೆ ಬರುವ ಶುಲ್ಕದಲ್ಲಿ ಒಂದು ಸಣ್ಣ ಪಾಲು ತೆಗೆದಿಟ್ಟರೂ ವರ್ಷಕ್ಕೆ ಇಬ್ಬರು ಮೂವರನ್ನು ಮಲೇಷ್ಯಾಕ್ಕೋ ಶ್ರೀಲಂಕಾಕ್ಕೋ ಕಳಿಸಬಹುದು. ಹೋಗುವ ಮೊದಲೇ ಪ್ರಶ್ನೆ ಈ ಹೋಬಳಿಯಿಂದ ಹೋಗಬೇಕು: ಅಣಬೆ ರೋಗವೋ, ಬಿಳಿನೊಣವೋ, ಅಟ್ಟದಲ್ಲಿ ಕಾಯಿ ಕೊಳೆಯದಂತೆ ಒಣಗಿಸುವ ಬಗೆಯೋ. ಬಂದ ಮೇಲೆ ಯಾವ ಕೇಂದ್ರದಲ್ಲಿ, ಯಾವ ಸಂಬಳದ ಮೇಲೆ ಕೂರುತ್ತಾರೆ ಎಂಬುದು ಹೋಗುವ ಮೊದಲೇ ಬರಹದಲ್ಲಿರಬೇಕು. ತಮ್ಮದೇ ಸಾಲದಲ್ಲಿ ಹೋದವರು ತಾವಾಗಿ ಇಲ್ಲಿಗೆ ಬಂದು ದುಡಿಯುವುದಾದರೆ, ಇಲ್ಲಿರುವಷ್ಟು ವರ್ಷ ಅವರ ಸಾಲದ ಬಡ್ಡಿಯನ್ನು ಸರ್ಕಾರ ಹೊರಬೇಕು. ಬಾಂಡಿನ ಬೆದರಿಕೆಗಿಂತ ಅದು ಹೆಚ್ಚು ಜನರನ್ನು ಕರೆತರುತ್ತದೆ. ಜೊತೆಗೆ, ಬೆಳೆಗಾರರ ಸಂಘಗಳು ರೋಗ ಬಿದ್ದ ಒಂದಿಷ್ಟು ಎಕರೆ ತೋಟವನ್ನು ಅವರಿಗೆ ಒಪ್ಪಿಸಿ, ಐದು ವರ್ಷ ಯಾರೂ ಅಡ್ಡ ಬಾರದೆ ಕೆಲಸ ಮಾಡಲು ಬಿಡಬೇಕು. ಐದು ವರ್ಷದಲ್ಲಿ ಮದ್ದು ಸಿಗದೆಯೂ ಹೋದೀತು. ಆಗ ಯಾವ ಮಣ್ಣಿನಲ್ಲಿ, ಯಾವ ವಯಸ್ಸಿನ ಮರಕ್ಕೆ, ಯಾವ ಕ್ರಮ ಫಲಿಸಲಿಲ್ಲ ಎಂಬ ದಾಖಲೆ ಕೊನೇಹಳ್ಳಿಯಲ್ಲಿ ಇರುತ್ತದೆ, ಮುಂದಿನ ವರ್ಷ ಹೊರಡುವ ವಿದ್ಯಾರ್ಥಿ ಅದನ್ನು ಓದಿಕೊಂಡು ಹೊರಡುತ್ತಾಳೆ.